ಶಿರಸಿಯ ಡಿಟಿಪಿ ಅಂಗಡಿಯಲ್ಲಿ ಆರು ವರ್ಷ ಡೆಬಿಯನ್

2019ರ ಮಳೆಗಾಲದಲ್ಲಿ ಅಂಗಡಿಯ ಕಂಪ್ಯೂಟರಿಗೆ ಡೆಬಿಯನ್ 10 ಹಾಕಿದೆ. ಡೆಬಿಯನ್ ಅಂದ್ರೆ ವಿಂಡೋಸ್ ಜಾಗದಲ್ಲಿ ಕೂರುವ ಉಚಿತ ಲಿನಕ್ಸ್, ಬೇರೆಯವರು ಬರೆದ ಪ್ರೋಗ್ರಾಮುಗಳನ್ನು ಆರಿಸಿ ಜೋಡಿಸಿ ಕೊಡುವವರು ಸ್ವಯಂಸೇವಕರು. ಈಗ 13ರಲ್ಲಿದ್ದೇನೆ. ನಡುವೆ ಒಮ್ಮೆಯೂ ಫಾರ್ಮ್ಯಾಟ್ ಮಾಡಿಲ್ಲ. ಕೆಲಸ ಅಂದ್ರೆ ಲಗ್ನಪತ್ರಿಕೆ, ಯಕ್ಷಗಾನದ ಹ್ಯಾಂಡ್‌ಬಿಲ್, ಸೊಸೈಟಿಯ ವರದಿ. ಗುಬ್ಬಿ, ನವಿಲು ಫಾಂಟುಗಳು ಇದರ ಭಂಡಾರದಲ್ಲೇ ಸಿಗುತ್ತವೆ.

ಇದರಲ್ಲಿ ಬರುವ ಸಾಫ್ಟ್‌ವೇರ್ ಹಳೆಯದು, ಅದು ಮೊದಲೇ ಗೊತ್ತಿರಲಿ. ಹೊಸ ಬಿಡುಗಡೆ ಸುಮಾರು ಎರಡು ವರ್ಷಕ್ಕೊಮ್ಮೆ. ನಡುವೆ ಬರುವುದು ಹೆಚ್ಚಾಗಿ ಸುರಕ್ಷತೆಯ ತಿದ್ದುಪಡಿ. ಒಮ್ಮೆ ಒಂದು ಪ್ರೋಗ್ರಾಮಿನಲ್ಲಿ ಪಿಡಿಎಫ್ ಮಾಡಿದರೆ ಒತ್ತಕ್ಷರ ಒಡೆಯುತ್ತಿತ್ತು. ಆ ಪ್ರೋಗ್ರಾಮ್ ಬರೆದವರಿಗೇ ತಿಳಿಸಿದೆ. "ನಿಮ್ಮದು ಹಳೇ ಆವೃತ್ತಿ, ಹೊಸದರಲ್ಲಿ ಸರಿಯಾಗಿದೆ" ಅಂದರು. ಮುಂದಿನ ಬಿಡುಗಡೆವರೆಗೆ ಮದುವೆ ಕಾಯುತ್ತದಾ? ಕೊನೆಗೆ, ಹಳೆ ಬಿಡುಗಡೆಗೂ ಹೊಸ ಆವೃತ್ತಿ ಹೊಂದಿಸಿ ಕೊಡುವ ಡೆಬಿಯನ್ ಬ್ಯಾಕ್‌ಪೋರ್ಟ್ಸ್‌ನಲ್ಲಿ ಹೊಸದು ಸಿಕ್ಕಿತು.

ಹಾಗಾದರೆ ನಡುವೆ ಡೆಬಿಯನ್‌ನ ಈ ಸ್ವಯಂಸೇವಕರು ಯಾಕೆ, ಬರೆದವರಿಂದಲೇ ತಗೋಬಹುದಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ, 2024ರ ಮಾರ್ಚ್ 29ರವರೆಗೆ. ಫೈಲುಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಅನ್ನುವ ಸಣ್ಣ ಪ್ರೋಗ್ರಾಮಿನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ, ಗುಟ್ಟಾಗಿ ಕಂಪ್ಯೂಟರಿನೊಳಗೆ ನುಗ್ಗಲು ಕಳ್ಳಬಾಗಿಲು ಇದೆ ಅಂತ ಅವತ್ತು ಗೊತ್ತಾಯಿತು. ಇಟ್ಟದ್ದು ಹೊರಗಿನವರಲ್ಲ, ನಂಬಿಕೆ ಗಳಿಸಿ ಅದರ ಉಸ್ತುವಾರಿಗೇ ಸೇರಿಕೊಂಡವರು. ನನ್ನ ಡೆಬಿಯನ್ 12ರಲ್ಲಿ ಇದ್ದದ್ದು 5.4.1. ಹಳೆಯದು ಅಂತ ಬೈದದ್ದೇ ನನ್ನನ್ನು ಉಳಿಸಿತು. ಮೈಕ್ರೋಸಾಫ್ಟ್‌ನ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಅದನ್ನು ಪತ್ತೆ ಮಾಡಿದ್ದೂ ಡೆಬಿಯನ್‌ನ ಇನ್ನೂ ಪಕ್ಕಾ ಆಗದ 'ಸಿಡ್' ಆವೃತ್ತಿಯಲ್ಲಿ. ಲಾಗಿನ್ ಅರ್ಧ ಸೆಕೆಂಡ್ ತಡವಾಗಿದ್ದು ಅವರ ಕಣ್ಣಿಗೆ ಬಿತ್ತು.

ನಮ್ಮಲ್ಲಿ ಅಡಿಕೆ ಬೆಳೆಯುವವರು ಬೇರೆ, ಕೂತು ಚಾಲಿಯಿಂದ (ಒಣಗಿಸಿ ಸುಲಿದ ಅಡಿಕೆ) ಕೋಕಾ, ಬಿಳೆಗೋಟು ಅನ್ನುವ ಕೆಳದರ್ಜೆಯದನ್ನು ಆರಿಸುವವರು ಬೇರೆ. ಡೆಬಿಯನ್‌ನವರದು ಎರಡನೇ ಕೆಲಸ. ಆದರೆ ಆರಿಸುವ ಕೈಯೂ ತಪ್ಪುತ್ತದೆ. ಆ ಕಳ್ಳಬಾಗಿಲು ಎಸ್‌ಎಸ್‌ಎಚ್‌ವರೆಗೆ, ಅಂದ್ರೆ ದೂರದಿಂದ ಕಂಪ್ಯೂಟರಿಗೆ ಲಾಗಿನ್ ಆಗುವ ವ್ಯವಸ್ಥೆವರೆಗೆ, ತಲುಪಿದ್ದು ಡೆಬಿಯನ್, ಫೆಡೋರಾ (ಇನ್ನೊಂದು ಲಿನಕ್ಸ್) ಥರದವರು ತಾವೇ ಸೇರಿಸಿದ ಒಂದು ತೇಪೆಯಿಂದ. ಈ ಲಾಗಿನ್ ನಡೆಸುವ ಮೂಲ ಪ್ರೋಗ್ರಾಮ್ ಓಪನ್‌ಎಸ್‌ಎಸ್‌ಎಚ್‌ಗೆ ಎಕ್ಸ್‌ಝಡ್ ಬೇಕೇ ಇಲ್ಲ. ಅದಕ್ಕೂ ಹಿಂದೆ, 2006ರಲ್ಲಿ, ಗುಪ್ತ ಕೀಲಿ ತಯಾರಿಸುವ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಬರುತ್ತಿದ್ದ ಒಂದು ಎಚ್ಚರಿಕೆಯನ್ನು ನಿಲ್ಲಿಸಲು ಹೋಗಿ ಡೆಬಿಯನ್‌ನವರು ಆ ಕೀಲಿಗಳನ್ನೇ ಯಾರಾದರೂ ಊಹಿಸಬಹುದಾದಂತೆ ಮಾಡಿಬಿಟ್ಟಿದ್ದರು. 2008ರ ಮೇವರೆಗೆ ಯಾರಿಗೂ ಗೊತ್ತಾಗಲಿಲ್ಲ! ಹಾಗಾಗಿ ನನ್ನ ಲೆಕ್ಕದಲ್ಲಿ ಅವರು ಎಷ್ಟು ಕಡಿಮೆ ತಿದ್ದುತ್ತಾರೋ ಅಷ್ಟು ಒಳ್ಳೆಯದು. ತಿದ್ದಿದ್ದನ್ನು ಮೂಲ ಬರೆದವರಿಗೂ ಕಳಿಸಬೇಕು.

ಐದಕ್ಕೆ ನಾಲ್ಕು ನಕ್ಷತ್ರ. ಗಿರಾಕಿಗಳು 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಫೈಲ್ ತಂದರೆ ಯೂನಿಕೋಡ್‌ಗೆ ತಿರುಗಿಸುವ ಗೋಳು ಇದ್ದದ್ದೇ, ಅದಕ್ಕೆ ಡೆಬಿಯನ್ ಏನು ಮಾಡೀತು? ಹಿಂದಿನ ಕೋಣೆಯ 32 ಬಿಟ್ ಮಷೀನು ಮಾತ್ರ 12ರಲ್ಲೇ ನಿಂತಿದೆ, 13ಕ್ಕೆ ಅದರ ಇನ್‌ಸ್ಟಾಲರ್ ಇಲ್ಲ. ಬಿಲ್ ಬರೆಯಲು ಅದು ಸಾಕು, ಕರೆಂಟ್ ಇದ್ದರೆ.