ಪ್ಲಾಸ್ಟಿಕ್ ಸೆಪ್ಟಿಕ್ ಟ್ಯಾಂಕ್: ಒಂದು ಸಲ ತೇಲಿತು, ಆದರೂ ಅದನ್ನೇ ಇಟ್ಟುಕೊಂಡಿದ್ದೇನೆ

ತೋಟದ ಮನೆಗೆ ಯಾವ ಟ್ಯಾಂಕ್ ಹಾಕಿಸಲಿ ಅಂತ ಕೇಳಿದವರಿಗೆ ನಾನು ತಿರುಗಿ ಕೇಳುವುದು ಎರಡೇ ಪ್ರಶ್ನೆ. ಮನೆ ತನಕ ಲಾರಿ ಬರುತ್ತಾ? ಮಳೆಗಾಲದಲ್ಲಿ ಎಷ್ಟು ಅಡಿ ತೋಡಿದರೆ ನೀರು ಸಿಗುತ್ತೆ? ಎರಡನೆಯದನ್ನು ನನಗೆ ಯಾರೂ ಕೇಳಿರಲಿಲ್ಲ.

ನಮ್ಮದು ಎರಡು ಕೋಣೆಯ ಪುಟ್ಟ ಮನೆ, ರಸ್ತೆಯಿಂದ ಒಳಗೆ ಕಾಲುದಾರಿ. 3000 ಲೀಟರಿನ ಟ್ಯಾಂಕ್ ಬೇಕಿತ್ತು. ಆ ಅಳತೆಯ ರೆಡಿಮೇಡ್ ಕಾಂಕ್ರೀಟ್ ಟ್ಯಾಂಕ್ ಟನ್‌ಗಟ್ಟಲೆ ತೂಗುತ್ತದೆ, ಇಳಿಸಲು ಕ್ರೇನ್ ಬೇಕು. ಕ್ರೇನ್ ಬಿಡಿ, ಅಲ್ಲಿ ಟ್ರ್ಯಾಕ್ಟರ್ ತಿರುಗಲೂ ಜಾಗ ಇಲ್ಲ. ಇಟ್ಟಿಗೆಯಲ್ಲಿ ಅಲ್ಲೇ ಕಟ್ಟಿಸಬಹುದಿತ್ತು, ಆದರೆ ಒಳಗಿನ ಗಾರೆ ಸರಿಯಾಗಿ ಬೀಳದಿದ್ದರೆ ಗಲೀಜು ನೀರು ಜಿನುಗಿ ಬಾವಿ ಕಡೆ ಹೋಗುತ್ತದೆ, ಆ ಭಯ ಇತ್ತು. ಕಬ್ಬಿಣದ್ದಂತೂ ಬೇಡವೇ ಬೇಡ. ತುಕ್ಕು ಹಿಡಿದ ಮುಚ್ಚಳದ ಮೇಲೆ ಗೊತ್ತಿಲ್ಲದೆ ಕಾಲಿಟ್ಟರೆ ಕಥೆ ಮುಗೀತು. ಕೊನೆಗೆ ಪ್ಲಾಸ್ಟಿಕ್ ಟ್ಯಾಂಕನ್ನು ನಾಲ್ಕು ಜನ ಹಗ್ಗ ಕಟ್ಟಿ ಉರುಳಿಸಿಕೊಂಡು ಬಂದೆವು.

ಎರಡನೇ ಮಳೆಗಾಲದಲ್ಲಿ ಕಕ್ಕಸಿನ ನೀರು ಇಳಿಯುವುದು ನಿಧಾನವಾಯಿತು. ಟ್ಯಾಂಕ್ ತುಂಬಿದೆ ಅಂದುಕೊಂಡು, ರಸ್ತೆಯಲ್ಲಿ ಲಾರಿ ನಿಲ್ಲಿಸಿ ಉದ್ದದ ಪೈಪ್ ಎಳೆಸಿ, ಸುರಿಯುವ ಮಳೆಯಲ್ಲೇ ಪೂರ್ತಿ ಖಾಲಿ ಮಾಡಿಸಿದೆ. (ನಿಜಕ್ಕೂ ತುಂಬಿದ್ದು ಟ್ಯಾಂಕ್ ಅಲ್ಲ, ಅದರಿಂದ ಹೊರಬಂದ ನೀರು ನೆಲಕ್ಕೆ ಇಳಿಯುವ ಇಂಗುಗುಂಡಿ. ಅದು ಆಮೇಲೆ ಗೊತ್ತಾಯಿತು.) ಮಾರನೇ ದಿನ ನೋಡಿದರೆ ಮುಚ್ಚಳ ನೆಲದಿಂದ ಒಂದು ಗೇಣು ಮೇಲೆ ಎದ್ದು ನಿಂತಿದೆ! ಹೂತಿಟ್ಟ ಟ್ಯಾಂಕ್ ದೋಣಿ ಹಾಗೆ ತೇಲಿತ್ತು, ಪೈಪ್ ಕಿತ್ತು ಬಂದಿತ್ತು, ಆ ವಾಸನೆ ಮಾತ್ರ ಕೇಳಬೇಡಿ. ಲೆಕ್ಕ ನೋಡಿದರೆ ಆಶ್ಚರ್ಯವೇನೂ ಇಲ್ಲ. 3000 ಲೀಟರಿನ ಖಾಲಿ ಟ್ಯಾಂಕ್ ಪೂರ್ತಿ ನೀರಲ್ಲಿ ಮುಳುಗಿದರೆ ನೀರು ಅದನ್ನು ಸುಮಾರು 3 ಟನ್ ಬಲದಿಂದ ಮೇಲಕ್ಕೆ ನೂಕುತ್ತದೆ. ಟ್ಯಾಂಕಿನ ತೂಕ ಅದರ ಹತ್ತನೇ ಒಂದು ಭಾಗವೂ ಇಲ್ಲ, ಮೇಲಿದ್ದ ಮಣ್ಣು ಒಂದಡಿಗಿಂತ ಕಮ್ಮಿ. ಮಾರಿದವನು ಇದರ ಬಗ್ಗೆ ತುಟಿಪಿಟಕ್ ಅಂದಿರಲಿಲ್ಲ. "ಗುಂಡಿ ತೋಡಿ ಇಟ್ಟುಬಿಡಿ ಸಾರ್, ಅಷ್ಟೇ" ಅಂದಿದ್ದ.

ಹೊರತೆಗೆದಾಗ ಇನ್ನೊಂದು ಕಂಡಿತು. ಪಕ್ಕದಲ್ಲಿ ಒಂದು ಚೂಪು ಕಲ್ಲು ಒತ್ತಿ ಮುಷ್ಟಿಯಷ್ಟು ಗುಳಿ ಬಿದ್ದಿತ್ತು. ಪುಣ್ಯಕ್ಕೆ ತೂತಾಗಿರಲಿಲ್ಲ. ಈ ಸಲ ತಳಕ್ಕೆ ಕಾಂಕ್ರೀಟ್ ಹಾಸು ಹಾಕಿ, ಅದಕ್ಕೆ ಟ್ಯಾಂಕನ್ನು ಪಟ್ಟಿಗಳಿಂದ ಬಿಗಿದೆವು. ಸುತ್ತ ಕಲ್ಲಿಲ್ಲದ ಮರಳನ್ನು ಸ್ವಲ್ಪ ಸ್ವಲ್ಪವೇ ತುಂಬುತ್ತಾ, ಒಳಗೂ ಅದೇ ಮಟ್ಟಕ್ಕೆ ನೀರು ಬಿಡುತ್ತಾ ಬಂದೆವು, ಇಲ್ಲದಿದ್ದರೆ ಮಣ್ಣಿನ ಒತ್ತಡಕ್ಕೆ ಗೋಡೆ ಒಳಕ್ಕೆ ಬಾಗುತ್ತದೆ. ಪ್ಲಂಬರ್ ಟ್ಯಾಂಕನ್ನು ಹಿಂದುಮುಂದಾಗಿ ಬೇರೆ ಇಟ್ಟಿದ್ದ, ಬಾಣದ ಗುರುತು ನೋಡಿ ತಿರುಗಿಸಿದ್ದಾಯಿತು. ನೀರು ಒಳಬರುವ ಬಾಯಿ ಹೊರಹೋಗುವ ಬಾಯಿಗಿಂತ ಮೇಲಿರಬೇಕು, ಅಲ್ವಾ?

ಇಷ್ಟೆಲ್ಲ ಆದ ಮೇಲೂ ಪ್ಲಾಸ್ಟಿಕ್ಕಿಗೆ ಯಾಕೆ ಅಂಟಿಕೊಂಡೆ ಅಂದರೆ, ಅದನ್ನು ಆಸಿಡ್ ತಿನ್ನುವುದಿಲ್ಲ. ಟ್ಯಾಂಕಿನಲ್ಲಿ ಕೊಳೆತ ಮೊಟ್ಟೆಯ ವಾಸನೆ ಬರುತ್ತದಲ್ಲ, ಆ ಹೈಡ್ರೋಜನ್ ಸಲ್ಫೈಡ್ ಒದ್ದೆ ಗೋಡೆಯ ಮೇಲೆ ಬ್ಯಾಕ್ಟೀರಿಯಾಗಳಿಂದ ಸಲ್ಫ್ಯೂರಿಕ್ ಆಸಿಡ್ ಆಗುತ್ತದೆ. ಕಾಂಕ್ರೀಟ್ ಹಾಳಾಗುವುದು ಹೆಚ್ಚಾಗಿ ನೀರಿನ ಮಟ್ಟದಿಂದ ಮೇಲಿನ ಭಾಗದಲ್ಲೇ. ಹಾಗಂತ ಲಾರಿ ಮನೆ ತನಕ ಬಂದು, ನೀರೂ ಮೇಲೇ ಸಿಗುವ ಜಾಗವಾದರೆ ನಾನೇ ಕಾಂಕ್ರೀಟ್ ಹಾಕಿಸುತ್ತಿದ್ದೆ, ಭಾರಕ್ಕೆ ಅದು ಸುಲಭಕ್ಕೆ ಅಲುಗುವುದಿಲ್ಲ. ಫೈಬರ್‌ಗ್ಲಾಸ್ ಪ್ಲಾಸ್ಟಿಕ್ಕಿಗಿಂತ ಗಟ್ಟಿ, ಬಾಗುವುದು ಕಮ್ಮಿ, ದುಡ್ಡು ಜಾಸ್ತಿ. ಹಗುರವಾದ್ದರಿಂದ ಅದೂ ತೇಲುತ್ತದೆ.

ಈಗ ಖಾಲಿ ಮಾಡಿಸುವುದೇನಿದ್ದರೂ ಬೇಸಿಗೆಯಲ್ಲಿ. ಲಾರಿ ಹೊರಟ ತಕ್ಷಣ ಪೈಪ್ ಬಿಟ್ಟು ಟ್ಯಾಂಕಿಗೆ ನೀರು ತುಂಬಿಸಿಯೇ ಕೈ ತೊಳೆಯುತ್ತೇನೆ.