ಸೆಲ್ಲೋಫೇನ್ ಕವರ್ 2 ವರ್ಷ ಬಳಸಿದ್ಮೇಲೆ: ಮೈಸೂರ್ ಪಾಕ್‌ಗೆ ಸೈ, ಚಕ್ಲಿಗೆ ಬೇಡ

ದಾವಣಗೆರೆಲಿ ಮನೇಲೇ ಸಿಹಿ, ಖಾರ ಮಾಡಿ ಮಾರ್ತೀನಿ, ಪ್ಲಾಸ್ಟಿಕ್ ಕವರ್ ಬಿಡಣ ಅಂತ ಎರಡು ವರ್ಷದ ಹಿಂದೆ ಸೆಲ್ಲೋಫೇನ್ ಅನ್ನೋ ಗಾಜಿನಂಥ ತೆಳು ಹಾಳೆ ಹಿಡ್ಕೊಂಡೆ. ಮೊದಲನೇ ಸಲವೇ ಟೋಪಿ ಬಿತ್ತು. ಅಂಗಡಿಯವ್ರು ಸೆಲ್ಲೋಫೇನ್ ಅಂತ್ಲೇ ಕೊಟ್ರು, ಮನೆಗೆ ಬಂದು ಒಂದು ಚೂರಿಗೆ ಬೆಂಕಿಕಡ್ಡಿ ಹಿಡಿದ್ರೆ ಮುದುಡ್ಕೊಂಡು ಕರಗಿ ತೊಟ್ಟಿಕ್ತು. ಅದು ಬಿಓಪಿಪಿ, ಅಪ್ಪಟ ಪ್ಲಾಸ್ಟಿಕ್. ಅಸಲಿ ಸೆಲ್ಲೋಫೇನ್ ಕಾಗದದ ಥರ ಉರಿದು ಬೂದಿ ಆಗತ್ತೆ, ವಾಸನೆನೂ ಕಾಗದ ಸುಟ್ಟಂಗೇ ಬರತ್ತೆ. ಈಗ ಚೂರು ಸುಟ್ಟು ನೋಡ್ದೆ ಬಂಡಲ್ ತಗೊಳಲ್ಲ, ಅಂಗಡಿಯವ್ರು ನಗ್ತಾರೆ, ನಗ್ಲಿ.

ಅಸಲಿ ಸೆಲ್ಲೋಫೇನ್ ಮರದ ತಿರುಳಿಂದ ಮಾಡೋದು. ನಮ್ಮ ಪಕ್ಕದ ಹರಿಹರದ ಹತ್ರ ಕುಮಾರಪಟ್ಟಣದಲ್ಲಿ ರೇಯಾನ್ ಬಟ್ಟೆಗೆ ಪಲ್ಪ್ ಮಾಡ್ತಾರಲ್ಲ, ಅದೇ ಜಾತಿ ಸರಕು, ದಾರ ಎಳೆಯೋ ಬದಲು ಸಣ್ಣ ಸೀಳಿಂದ ಹಾಳೆ ತೆಗೀತಾರೆ ಅಷ್ಟೇ. ಹಂಗಂತ ಪೂರ್ತಿ ಸಾಧು ಅಲ್ಲ, ಮಾಡೋವಾಗ ಕಾರ್ಬನ್ ಡೈಸಲ್ಫೈಡ್ ಅಂತ ವಿಷದ ಕೆಮಿಕಲ್ ಬೇಕು.

ಮೈಸೂರ್ ಪಾಕ್, ಕೊಬ್ಬರಿ ಮಿಠಾಯಿಗೆ ಇದರಷ್ಟು ಚೆನ್ನಾಗಿರೋದು ನಾನು ನೋಡಿಲ್ಲ. ತುಪ್ಪ ಹೊರಗೆ ಜಿನುಗಲ್ಲ, ಎರಡೂ ತುದಿ ತಿರುಚಿದ್ರೆ ಪೆಪ್ಪರ್‌ಮಿಂಟ್ ಸುತ್ತಿದಂಗೆ ಹಂಗೇ ನಿಲ್ಲತ್ತೆ, ಪ್ಲಾಸ್ಟಿಕ್ ಆದ್ರೆ ಬಿಚ್ಕೊಂಡ್‌ಬಿಡತ್ತೆ. ಆದ್ರೆ ಅಂಚಲ್ಲಿ ಸ್ವಲ್ಪ ಸೀಳು ಬಿದ್ರೆ ಸಾಕು, ಸರ್ರ್ ಅಂತ ಪೂರ್ತಿ ಹರಿಯತ್ತೆ. ಸೀಲಿಂಗ್ ಮಷಿನ್‌ಗೂ ಅಂಟಲ್ಲ, ಅದಕ್ಕೆ ಕೋಟಿಂಗ್ ಇರೋದೇ ಬೇಕು. ರೇಟು ನನಗೆ ಬಿಓಪಿಪಿಗಿಂತ ಸುಮಾರು ಮೂರು ಪಟ್ಟು ಬೀಳ್ತಿದೆ.

ಮಳೆಗಾಲದಲ್ಲಿ ಮಾತ್ರ ಕೈ ಕೊಡ್ತು ನೋಡಿ. ಸಾಗರದ ಕಡೆ ಕಳ್ಸಿದ ಚಕ್ಲಿ, ಶೇಂಗಾ ಚಿಕ್ಕಿ ಎರಡೂ ಮೆತ್ತಗಾಗಿ, ಚಿಕ್ಕಿ ಅಂತೂ ಕವರಿಗೇ ಅಂಟ್ಕೊಂಡಿತ್ತಂತೆ, ದುಡ್ಡು ವಾಪಸ್ ಕೊಟ್ಟೆ. ಸಾದಾ ಸೆಲ್ಲೋಫೇನ್ ಎಣ್ಣೆ ತಡೆಯತ್ತೆ, ಗಾಳಿನೂ ತಡೆಯತ್ತೆ, ನೀರಾವಿ ತಡೆಯಲ್ಲ. ತಮಾಷೆ ಅಂದ್ರೆ ಇದನ್ನ ಕಂಡುಹಿಡಿದ ಸ್ವಿಟ್ಜರ್ಲೆಂಡಿನ ಬ್ರಾಂಡೆನ್‌ಬರ್ಗರ್ ಹೊರಟಿದ್ದೇ ವೈನ್ ಚೆಲ್ಲಿದ್ರೂ ಹೀರ್ಕೊಳ್ಳದ ಮೇಜುಬಟ್ಟೆ ಮಾಡಕ್ಕೆ! ಆವಿ ತಡೆಯೋ ಲೇಪ 1927ರಲ್ಲಿ ಡುಪಾಂಟ್ ಕಂಪನಿಯಲ್ಲಿ ಆದ್ಮೇಲೇನೇ ಇದು ತಿಂಡಿ ಪ್ಯಾಕಿಂಗ್‌ಗೆ ಜೋರಾಗಿ ಹಬ್ಬಿದ್ದು. ಆ ಲೇಪ ಯಾವುದು ಅಂತ ಕೇಳಿ ತಗೊಳಿ, ಪಿವಿಡಿಸಿ ಅಂದ್ರೆ ಅದೂ ಪ್ಲಾಸ್ಟಿಕ್ಕೇ. ನಾನು ಜೂನ್‌ನಿಂದ ದೀಪಾವಳಿವರೆಗೂ ಚಕ್ಲಿನ ಡಬ್ಬಿಲೇ ಕೊಡ್ತೀನಿ, ಡಬ್ಬಿ ವಾಪಸ್ ತಂದ್ರೆ ಹತ್ತು ರೂಪಾಯಿ ಕಡಿಮೆ.

ಮಣ್ಣಲ್ಲಿ ಕರಗತ್ತಾ ಅಂತ ಎಲ್ರೂ ಕೇಳ್ತಾರೆ. ಸಾದಾ ಕವರ್ ನಾಲ್ಕು, ಲೇಬಲ್ ಸಮೇತ, ಕರಿಬೇವಿನ ಕುಂಡದಲ್ಲಿ ಹೂತಿಟ್ಟಿದ್ದೆ, ದಿನಾ ನೀರು ಬೀಳ್ತಿತ್ತು. ಎರಡು ತಿಂಗಳು ಬಿಟ್ಟು ಕೆದಕಿದ್ರೆ ಕವರ್ ಸುಳಿವೇ ಇಲ್ಲ, ಬಾಯಿಗೆ ಹಾಕಿದ್ದ ಟೇಪು, ಮೇಲಿದ್ದ ನನ್ನ ಫೋನ್ ನಂಬರಿನ ಸ್ಟಿಕ್ಕರ್ ಮಾತ್ರ ಹೊಸದರ ಥರ ಹೊಳೀತಾ ಇದ್ವು. ಅವತ್ತಿಂದ ಹತ್ತಿ ದಾರದಲ್ಲಿ ಕಟ್ತಿದೀನಿ, ನಂಬರಿಗೆ ಕಾಗದದ ಚೀಟಿ.