ನಿಮ್ಮ ಬಯಲು ಚಿಕ್ಕದಾಗಿದ್ದರೆ ಅಂಗಡಿಯವರ ಮಾತು ನಂಬಿ ದೊಡ್ಡ ಮಾದರಿ ವಿಮಾನ ಕೊಳ್ಳಬೇಡಿ

ರಿಮೋಟಿನಿಂದ ಹಾರಿಸುವ ಮಾದರಿ ವಿಮಾನವನ್ನು ಕೊಳ್ಳಬೇಕೆಂದಿರುವವರು, ಅದರಲ್ಲಿಯೂ ನಮ್ಮಂತೆ ಚಿಕ್ಕಮಗಳೂರಿನ ಕಡೆ ತೋಟದ ಮರಗಳ ನಡುವೆ ಒಂದು ತುಂಡು ಜಾಗವನ್ನಷ್ಟೇ ಇಟ್ಟುಕೊಂಡಿರುವವರು, ಹಣ ಕಳುಹಿಸುವ ಮೊದಲು ಇದನ್ನು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ನಾನು ₹38,000 ಕಳೆದುಕೊಂಡಿದ್ದೇನೆ. ಹಣಕ್ಕಿಂತ ಹೆಚ್ಚಾಗಿ, ನನ್ನ ಕಣದ ಅಳತೆಯನ್ನು ಅಡಿ ಇಂಚು ಬಿಡದೆ ಬರೆದು ಕಳುಹಿಸಿದ ಮೇಲೂ ಮೋಸಹೋದೆನಲ್ಲ ಎಂಬ ಸಿಟ್ಟು ಎರಡು ತಿಂಗಳಾದರೂ ಇಳಿದಿಲ್ಲ.

ನಮ್ಮದು ಕಾಫಿ ಒಣಗಿಸುವ ಸಿಮೆಂಟ್ ಕಣ. ಉದ್ದ 45 ಮೀಟರು, ಅಗಲ 25 ಮೀಟರು. ಒಂದು ತುದಿಯಲ್ಲಿ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಗಳ ಸಾಲಿದೆ, ಎತ್ತರ ಸುಮಾರು 15 ಮೀಟರು. ಇನ್ನೊಂದು ತುದಿಯಲ್ಲಿ ಗಿಡ ಶುರುವಾಗುತ್ತದೆ. ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ ಇಲ್ಲಿಯೇ ಹಾರಿಸಬೇಕೆಂಬುದು ನನ್ನ ಆಸೆಯಾಗಿತ್ತು. ಇದನ್ನೆಲ್ಲ ಬೆಂಗಳೂರಿನ ಮಾರಾಟಗಾರರೊಬ್ಬರಿಗೆ ವಾಟ್ಸಾಪಿನಲ್ಲಿ ವಿವರವಾಗಿ ಬರೆದೆ, ಮೂರು ಫೋಟೋ ಕಳುಹಿಸಿದೆ, ಮೂರರಲ್ಲಿಯೂ ಮರಗಳು ಕಾಣುತ್ತವೆ. ಈ ಜಾಗದಲ್ಲಿ ಇಳಿಸಬಹುದಾದ ವಿಮಾನವೇ ಬೇಕು, ಬೇರೆ ಏನೂ ಮುಖ್ಯವಲ್ಲ ಎಂದು ಎರಡು ಸಲ ಬರೆದೆ. ಎರಡು ಸಲ.

ಅವರು ತೋರಿಸಿದ್ದು ರೆಕ್ಕೆಯ ತುದಿಯಿಂದ ತುದಿಗೆ 1.4 ಮೀಟರು ಇರುವ, ಬ್ಯಾಟರಿ ಸೇರಿ 2 ಕಿಲೋ ತೂಗುವ ಫೋಮಿನ ವಿಮಾನ. ನಾನು ಇನ್ನೂ ಸಣ್ಣದು ಸಾಕಲ್ಲವೇ ಎಂದು ಕೇಳಿದಾಗ ಬಂದ ಉತ್ತರ ಇದು: “ಸರ್, ವಿಮಾನ ದೊಡ್ಡದಾದಷ್ಟೂ ಗಾಳಿಯಲ್ಲಿ ಸ್ಟೆಡಿ. ಸ್ಟೆಡಿ ಇದ್ದರೆ ಲ್ಯಾಂಡಿಂಗ್ ಸುಲಭ. ನಿಮ್ಮ ಕಣ ಧಾರಾಳ ಆಯ್ತು.” ಜೊತೆಗೆ ಒಂದು ವಿಡಿಯೊ ಬಂತು. ಮನೆಗಳ ನಡುವಿನ ಸಣ್ಣ ಮೈದಾನ, ಅದರಿಂದ ಅದೇ ವಿಮಾನ ಚೆಂದವಾಗಿ ಏರಿ, ಎರಡು ಸುತ್ತು ಹಾಕಿ, ಇಳಿಯಲು ಮೈದಾನದ ಕಡೆಗೆ ತಿರುಗುತ್ತದೆ. ನೋಡಿ ನಂಬಿಬಿಟ್ಟೆ, ಆ ರಾತ್ರಿಯೇ ಹಣ ಕಳುಹಿಸಿದೆ. ಹಾಸನದಲ್ಲಿ ಹಲವು ವರ್ಷಗಳಿಂದ ಮಾದರಿ ವಿಮಾನ ಹಾರಿಸುತ್ತಿರುವ, ನನಗೆ ಹಾರಿಸುವುದನ್ನು ಕಲಿಸಿದ ಪರಿಚಿತರನ್ನು ಒಂದು ಮಾತು ಕೇಳಬಹುದಾಗಿತ್ತು. ಕೇಳಲಿಲ್ಲ, ಅದು ನನ್ನ ತಪ್ಪು.

ಏಪ್ರಿಲಿನ ಒಂದು ಸಂಜೆ ಹಾರಿಸಿದೆ. ಏರುವಾಗ ಯಾವ ತೊಂದರೆಯೂ ಆಗಲಿಲ್ಲ, ಮೋಟಾರಿನ ಬಲಕ್ಕೆ ಕಣದ ಅರ್ಧದಲ್ಲಿಯೇ ಎದ್ದು ಮರ ದಾಟಿತು. ನೋಡಲು ಮನೆಯವರೆಲ್ಲ ಬಂದಿದ್ದರು, ಕೆಲಸಗಾರರ ಲೈನ್ ಮನೆಯ ಮಕ್ಕಳು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಜಗಲಿಯ ಮೇಲೆ ಸಾಲಾಗಿ ಕುಳಿತಿದ್ದರು. ಇಳಿಸಲು ಹೋದಾಗ ಕಷ್ಟ ಶುರುವಾಯಿತು. ಮರದ ತಲೆ ದಾಟಿಸಿ ಥ್ರಾಟಲ್ ಇಳಿಸಿ ಮೋಟಾರನ್ನು ನಿಧಾನ ಮಾಡಿದರೆ ವಿಮಾನ ಕಣದ ನಡುವಿಗೆ ಬರುವ ಹೊತ್ತಿಗೂ ಎಷ್ಟೋ ಎತ್ತರದಲ್ಲಿಯೇ ಇರುತ್ತಿತ್ತು. ಮೂತಿ ಬಗ್ಗಿಸಿದರೆ ವೇಗ ಏರಿಬಿಡುತ್ತಿತ್ತು. ಎರಡು ಸಲ ಮತ್ತೆ ಮೇಲಕ್ಕೆ ಎತ್ತಿದೆ. ಮೂರನೆಯ ಸಲಕ್ಕೆ ಬ್ಯಾಟರಿ ಮುಗಿಯುತ್ತಾ ಬಂದಿತ್ತು, ಕಡಿದಾಗಿ ಇಳಿಸಿದೆ. ರೆಕ್ಕೆಯಡಿಯ ಕೆಂಪು ಪಟ್ಟಿ ನನ್ನ ಭುಜದ ಮಟ್ಟದಲ್ಲಿ ಹಾದುಹೋಯಿತು. ಚಕ್ರ ಇನ್ನೇನು ಸಿಮೆಂಟನ್ನು ಮುಟ್ಟುತ್ತದೆ ಎನ್ನುವಾಗ, ಮುಟ್ಟದೆ, ನೆಲದಿಂದ ಒಂದು ಮೊಳ ಮೇಲೆ ತೇಲಿಕೊಂಡೇ ಕಣದ ಉದ್ದವನ್ನೆಲ್ಲ ದಾಟಿ, ಜಗಲಿಯ ಮೂಲೆಯಿಂದ ಎರಡು ಮಾರು ದೂರದಲ್ಲಿ ಹೋಗಿ, ನೆರಳಿನ ಮರದ ಬುಡಕ್ಕೆ ಬಡಿಯಿತು. ಮಕ್ಕಳು ಕಿರುಚಿದ್ದು ಇನ್ನೂ ಕಿವಿಯಲ್ಲಿದೆ. ಅವರಲ್ಲೊಬ್ಬರು ಕೆಳಗಿಳಿದು ನಿಂತಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಲು ನನ್ನಿಂದ ಆಗುವುದಿಲ್ಲ. ಎಡಗಡೆಯ ರೆಕ್ಕೆ ಬುಡದಲ್ಲಿಯೇ ಮುರಿದಿತ್ತು, ಬ್ಯಾಟರಿ ಜಜ್ಜಿ ಉಬ್ಬುತ್ತಿತ್ತು. ಒಣಗಿದ ತರಗೆಲೆಯ ನಡುವಿನಿಂದ ಅದನ್ನು ಎತ್ತಿ ಮರಳಿನ ಬಕೆಟ್ಟಿಗೆ ಹಾಕಿದೆವು.

ಮಾರನೆಯ ವಾರ ಹಾಸನದ ಪರಿಚಿತರು ಬಂದು, ಡಬ್ಬಿಯ ಮೇಲೆ ಬರೆದಿದ್ದ ಅಂಕಿಗಳನ್ನೇ ಹಿಡಿದು ಲೆಕ್ಕ ಮಾಡಿ ತೋರಿಸಿದರು. ರೆಕ್ಕೆಯ ವಿಸ್ತೀರ್ಣ 36 ಚದರ ಡೆಸಿಮೀಟರು, ತೂಕ 2,000 ಗ್ರಾಂ. ಅಂದರೆ ಪ್ರತಿ ಚದರ ಡೆಸಿಮೀಟರು ಹೊರಬೇಕಾದ ಭಾರ 55 ಗ್ರಾಮಿಗೂ ಹೆಚ್ಚು. ಇದನ್ನೇ ವಿಂಗ್ ಲೋಡಿಂಗ್ ಎನ್ನುವುದು. ಈ ಭಾರಕ್ಕೆ, ಫ್ಲಾಪ್ (ನಿಧಾನವಾಗಿ ಹಾರಲು ರೆಕ್ಕೆಯ ಹಿಂಬದಿಯಲ್ಲಿ ಕೆಳಕ್ಕೆ ಬಾಗುವ ಪಟ್ಟಿ) ಇಲ್ಲದ ರೆಕ್ಕೆಗೆ, ಗಂಟೆಗೆ ಸುಮಾರು 33 ಕಿಲೋಮೀಟರಿಗಿಂತ ನಿಧಾನವಾದರೆ ವಿಮಾನ ಸ್ಟಾಲ್ ಆಗಿ, ಅಂದರೆ ರೆಕ್ಕೆಗೆ ಎತ್ತುವ ಬಲ ಸಾಲದೆ, ಬೀಳುತ್ತದೆ, ಆದ್ದರಿಂದ ಇಳಿಸಲು ಬರುವಾಗ 43ರಷ್ಟಾದರೂ ವೇಗ ಇರಲೇಬೇಕು. ಆ ವೇಗದಲ್ಲಿ ನಮ್ಮ ಇಡೀ ಕಣವನ್ನು ದಾಟಲು ನಾಲ್ಕು ಸೆಕೆಂಡು ಕೂಡ ಬೇಡ. ನಮ್ಮೂರು ಸಮುದ್ರಮಟ್ಟದಿಂದ ಸಾವಿರ ಮೀಟರಿನಷ್ಟು ಎತ್ತರದಲ್ಲಿರುವುದರಿಂದ ಗಾಳಿ ಸುಮಾರು ಹತ್ತನೆಯ ಒಂದು ಪಾಲು ತೆಳುವಾಗಿದ್ದು, ವೇಗ ಇನ್ನಷ್ಟು ಬೇಕಾಗುತ್ತದೆ. ಇವೆಲ್ಲಕ್ಕಿಂತ ನನ್ನನ್ನು ಕುಗ್ಗಿಸಿದ್ದು ಮರದ ಲೆಕ್ಕ. ಒಂದು ಮೀಟರು ಇಳಿಯುವಷ್ಟರಲ್ಲಿ ಎಂಟು ಮೀಟರು ಮುಂದೆ ಸಾಗುವ ವಿಮಾನ 15 ಮೀಟರಿನ ಮರ ದಾಟಿ ನೆಲ ಮುಟ್ಟಬೇಕಾದರೆ 120 ಮೀಟರು ಬೇಕು. ನನ್ನ ಕಣ ಇರುವುದು 45 ಮೀಟರು. ಅಲ್ಲಿ ಯಾರು ಹಾರಿಸಿದ್ದರೂ ಇಳಿಯುತ್ತಿರಲಿಲ್ಲ.

ಅವರು ತಮ್ಮ ಸಣ್ಣ ವಿಮಾನವನ್ನು ತಂದಿದ್ದರು. ರೆಕ್ಕೆ 80 ಸೆಂಟಿಮೀಟರು, ತೂಕ 350 ಗ್ರಾಂ, ಭಾರ ಪ್ರತಿ ಚದರ ಡೆಸಿಮೀಟರಿಗೆ 29 ಗ್ರಾಂ, ಚಕ್ರವೇ ಇಲ್ಲ. ಅದು ಮರಗಳ ಆಚೆಗೆ ಹೋಗಲೇ ಇಲ್ಲ. ಏಳೆಂಟು ಮೀಟರಿನ ತ್ರಿಜ್ಯದಲ್ಲಿ ಕಣದ ಒಳಗೇ ತಿರುಗಿ, ಅರ್ಧ ಕಣದಲ್ಲಿ ಹೊಟ್ಟೆಯ ಮೇಲೆ ಜಾರಿ ನಿಂತಿತು, ಮೂರು ಸಲ. ನನ್ನದು ತಿರುಗಲು ಅದರ ಎರಡರಷ್ಟು ಜಾಗ ಕೇಳುತ್ತಿತ್ತು, ಅಷ್ಟು ಅಗಲ ನಮ್ಮಲ್ಲಿಲ್ಲ. ದೊಡ್ಡದು ಗಾಳಿಗೆ ಕಡಿಮೆ ಅಲುಗಾಡುತ್ತದೆ ಎಂಬುದು ನಿಜ, ಆ ಅರ್ಧ ನಿಜವನ್ನೇ ನನಗೆ ಮಾರಲಾಯಿತು. ಅದೇ ಆಕಾರದ ವಿಮಾನವನ್ನು ಎರಡು ಪಟ್ಟು ದೊಡ್ಡದು ಮಾಡಿದರೆ ರೆಕ್ಕೆಯ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ತೂಕ ಎಂಟು ಪಟ್ಟಿನ ಹತ್ತಿರ ಹೋಗುತ್ತದೆ, ಅಂದರೆ ವಿಂಗ್ ಲೋಡಿಂಗ್ ಹೆಚ್ಚಿ ಇಳಿಯುವ ವೇಗವೂ ಏರುತ್ತದೆ. ಉಳಿದ ಅರ್ಧ ನಿಜ ಇದು, ಇದನ್ನು ಮಾರಾಟಗಾರರು ಹೇಳಲಿಲ್ಲ.

ಆ ರಾತ್ರಿ ವಿಡಿಯೊವನ್ನು ಮತ್ತೆ ಹಾಕಿ ನೋಡಿದೆ. ಏರುತ್ತದೆ, ಸುತ್ತುತ್ತದೆ, ಮೈದಾನದ ಕಡೆಗೆ ತಿರುಗುತ್ತದೆ, ಅಲ್ಲಿಗೆ ವಿಡಿಯೊ ಮುಗಿಯುತ್ತದೆ. ಚಕ್ರ ನೆಲ ಮುಟ್ಟುವುದು ಅದರಲ್ಲಿ ಇಲ್ಲವೇ ಇಲ್ಲ. ಕೊಳ್ಳುವ ಮೊದಲು ಹತ್ತು ಸಲವಾದರೂ ನೋಡಿದ್ದೆ, ಇಳಿದಿರಬಹುದು ಎಂದು ನಾನೇ ತುಂಬಿಕೊಂಡು ನೋಡಿದ್ದೆ. ಫೋನನ್ನು ಮಗನಿಗೆ ತೋರಿಸಲು ನಾಚಿಕೆಯಾಗಿ ಮಗುಚಿಟ್ಟೆ.

ಮಾರಾಟಗಾರರ ಉತ್ತರಗಳನ್ನು ಬಂದ ಕ್ರಮದಲ್ಲಿಯೇ ಕೊಡುತ್ತೇನೆ. ಮೊದಲು: “ಪ್ರಾಡಕ್ಟಿನಲ್ಲಿ ದೋಷ ಇಲ್ಲ ಸರ್, ಇದು ಪೈಲಟ್ ತಪ್ಪು.” ಹಾಸನದ ಬಯಲಿನಲ್ಲಿ ಹತ್ತಾರು ಸಲ ಇಳಿಸಿದ್ದೇನೆ ಎಂದು ಬರೆದರೆ: “ನೀವು ಕಣದ ಅಳತೆ ಕೊಟ್ಟಿರಿ, ಮರದ ವಿಷಯ ಹೇಳಲಿಲ್ಲ.” ಅವರು ಹೆಬ್ಬೆರಳೆತ್ತಿ ಒಪ್ಪಿದ್ದ ಅದೇ ಫೋಟೋಗಳನ್ನು ಮತ್ತೆ ಕಳುಹಿಸಿದೆ: “ಫೋಟೋದಲ್ಲಿ ಮರದ ಎತ್ತರ ಹೇಗೆ ಗೊತ್ತಾಗುತ್ತೆ ಸರ್?” ಹಾಗಿದ್ದರೆ ಧಾರಾಳ ಆಯಿತೆಂದು ಯಾವ ಆಧಾರದಲ್ಲಿ ಹೇಳಿದಿರಿ ಎಂದು ಕೇಳಿದ್ದಕ್ಕೆ ಎರಡು ದಿನ ಸುಮ್ಮನಿದ್ದು ಬರೆದರು: “ಹೊಸ ರೆಕ್ಕೆ ಬೇಕಿದ್ದರೆ ಹತ್ತು ಪರ್ಸೆಂಟ್ ಬಿಟ್ಟು ಕೊಡುತ್ತೇನೆ.” ಅದೇ ಕಣಕ್ಕೆ, ಅದೇ ವಿಮಾನಕ್ಕೆ, ಹೊಸ ರೆಕ್ಕೆ!

ದಯವಿಟ್ಟು ರೆಕ್ಕೆಯ ಉದ್ದವೊಂದನ್ನೇ ನೋಡಿ ಕೊಳ್ಳಬೇಡಿ. ತೂಕವನ್ನು ವಿಸ್ತೀರ್ಣದಿಂದ ಭಾಗಿಸಿ ನೋಡಿ, ಬರುವ ದಾರಿಯಲ್ಲಿರುವ ಮರದ ಎತ್ತರವನ್ನು ಎಂಟರಿಂದ ಗುಣಿಸಿ ನಿಮ್ಮ ಜಾಗಕ್ಕೆ ಹೋಲಿಸಿ. ಸಣ್ಣದನ್ನು ಕೊಂಡರೆ ಗಾಳಿ ಏಳುವ ಮೊದಲು ಬೆಳಿಗ್ಗೆಯೇ ಹಾರಿಸಿ, ಮಕ್ಕಳನ್ನು ನಿಮ್ಮ ಬೆನ್ನ ಹಿಂದೆ ನಿಲ್ಲಿಸಿಕೊಳ್ಳಿ. ವಿಡಿಯೊ ಕಳುಹಿಸಿದರೆ ಚಕ್ರ ನೆಲ ಮುಟ್ಟಿ ನಿಲ್ಲುವವರೆಗೂ ಇರುವುದನ್ನು ಕೇಳಿ, ಕೊಡದವರಿಗೆ ಹಣ ಕೊಡಬೇಡಿ. ಅರ್ಧ ಹಣವನ್ನಾದರೂ ಹಿಂತಿರುಗಿಸಿ ಎಂದು ಕಳೆದ ಸೋಮವಾರ ಬರೆದಿದ್ದೇನೆ. ಓದಿದ್ದಾರೆ, ಉತ್ತರ ಬಂದಿಲ್ಲ. ಅವರು ಮಾರುವ ಪುಟದಲ್ಲಿ ಆ ವಿಡಿಯೊ ಇವತ್ತು ಬೆಳಿಗ್ಗೆಯೂ ಹಾಗೆಯೇ ಇತ್ತು.